ಬೀದರ್ ಕೋಟೆಯೊಳಗಿನ ರಂಗೀನ್ ಮಹಲ್: ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪಿನ ಕುಸುರಿ, ಪಾಳು ಅರಮನೆಗಳ ನಡುವೆ ಉಳಿದ ಬಣ್ಣದ ಕೋಣೆ

ಬೀದರ್: ಕೋಟೆ ಎಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಎತ್ತರದ ಗೋಡೆ, ಬುರುಜು, ಫಿರಂಗಿ ಮತ್ತು ಕಂದಕ. ಬೀದರ್ ಕೋಟೆಯಲ್ಲಿ ಇವೆಲ್ಲವೂ ಇವೆ. ಆದರೆ ಈ ಕೋಟೆಯನ್ನು ಕಟ್ಟಿಸಿದ ಅರಸರು ಗೋಡೆಗೆ ಸುರಿದಷ್ಟೇ ಹಣ ಮತ್ತು ಶ್ರಮವನ್ನು ಒಳಗಿನ ಕೋಣೆಗಳಿಗೂ ಸುರಿದಿದ್ದರು. ಬಣ್ಣದ ಹೊಳಪು ಹೆಂಚು, ಕೆತ್ತನೆಯ ಮರದ ಕಂಬ, ಚಿನ್ನದ ಲೇಪ, ಮುತ್ತಿನ ಚಿಪ್ಪಿನ ಕುಸುರಿಯಿಂದ ತುಂಬಿದ್ದ ಆ ಅರಮನೆಗಳಲ್ಲಿ ಹೆಚ್ಚಿನವು ಇಂದು ಬರಿಗೋಡೆಗಳು. ಅಂದಿನ ಒಳಾಂಗಣ ಹೇಗಿತ್ತು ಎಂಬುದನ್ನು ಇವತ್ತಿಗೂ ಕಣ್ಣಿಗೆ ತೋರಿಸುವುದು ಮುಖ್ಯವಾಗಿ ಒಂದೇ ಕಟ್ಟಡ. ಅದೇ ರಂಗೀನ್ ಮಹಲ್.

ವಿಶೇಷವೆಂದರೆ, ಇದು ದಖ್ಖನ್ನಿನ ಬಹುಭಾಗವನ್ನು ಆಳಿದ ಬಹಮನಿ ಸುಲ್ತಾನರ ಮಹಾ ಅರಮನೆಯಲ್ಲ. ಅವರ ಸಾಮ್ರಾಜ್ಯ ಒಡೆದು ಚೂರಾದ ಮೇಲೆ ಬೀದರ್ ಸುತ್ತಮುತ್ತಲ ಸಣ್ಣ ಪ್ರದೇಶವನ್ನಷ್ಟೇ ಉಳಿಸಿಕೊಂಡಿದ್ದ ಬರೀದ್ ಶಾಹಿ ಅರಸನೊಬ್ಬ ರೂಪಿಸಿದ ಪುಟ್ಟ ಮಹಲು. ದೊಡ್ಡ ಅರಮನೆಗಳು ಕುಸಿದವು, ಚಿಕ್ಕದು ಉಳಿಯಿತು. ಈ ಕೋಟೆಯ ಇತಿಹಾಸವೇನು, ಒಳಗೆ ಏನೇನಿದೆ, ಉಳಿದದ್ದು ಹೇಗೆ, ಅಳಿದದ್ದು ಯಾಕೆ? ಇಲ್ಲಿದೆ ವಿವರ.

ಕಲಬುರಗಿಯಿಂದ ಬೀದರ್‌ಗೆ ಬಂದ ರಾಜಧಾನಿ

ಬಹಮನಿ ಸಾಮ್ರಾಜ್ಯ ಸ್ಥಾಪನೆಯಾದದ್ದು 1347ರಲ್ಲಿ. ಮೊದಲ ಮುಕ್ಕಾಲು ಶತಮಾನ ಅದರ ರಾಜಧಾನಿ ಕಲಬುರಗಿ. 1422ರಲ್ಲಿ ಅಣ್ಣ ಫಿರೋಜ್ ಶಾನನ್ನು ಇಳಿಸಿ ಗದ್ದುಗೆ ಏರಿದ ಅಹ್ಮದ್ ಶಾ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರ್‌ಗೆ ಬದಲಿಸಿದ. ಹೊಸ ಜಾಗದ ಆಯ್ಕೆಗೆ ಬಲವಾದ ಕಾರಣಗಳಿದ್ದವು. ಕನ್ನಡ, ತೆಲುಗು, ಮರಾಠಿ ಮಾತಾಡುವ ಸೀಮೆಗಳು ಕೂಡುವ ಜಾಗವಾದ್ದರಿಂದ ಬೀದರ್ ಸಾಮ್ರಾಜ್ಯದ ನಡುಮಧ್ಯಕ್ಕೆ ಹತ್ತಿರವಿತ್ತು. ಸಮುದ್ರಮಟ್ಟದಿಂದ 600 ಮೀಟರ್‌ಗೂ ಹೆಚ್ಚು ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿರುವುದರಿಂದ ಹವೆ ತಂಪು. ಉತ್ತರ ಮತ್ತು ಪೂರ್ವದಲ್ಲಿ ನೆಲ ಇಳಿಜಾರಾಗಿ ಕೆಳಗಿನ ಬಯಲಿಗೆ ಸೇರುತ್ತದೆ. ಅಂದರೆ ಶತ್ರುವಿಗೆ ಹತ್ತಿ ಬರುವುದೇ ಕಷ್ಟ.

ಇನ್ನೊಂದು ಕಾರಣ ನೀರು. ಬೀದರ್‌ನ ನೆಲ ಕೆಂಪು ಜಂಬಿಟ್ಟಿಗೆ ಕಲ್ಲಿನದು. ತೂತುತೂತಾದ ಈ ಕಲ್ಲು ಮಳೆನೀರನ್ನು ಹೀರಿಕೊಂಡು ಕೆಳಕ್ಕೆ ಬಿಡುತ್ತದೆ. ಅದರ ಕೆಳಗಿರುವ ಗಟ್ಟಿ ಕಪ್ಪು ಕಲ್ಲಿನ ಪದರ ನೀರನ್ನು ಮುಂದಕ್ಕೆ ಹೋಗಲು ಬಿಡುವುದಿಲ್ಲ. ಹೀಗಾಗಿ ಎರಡೂ ಪದರ ಸೇರುವಲ್ಲಿ ಒರತೆ ಹುಟ್ಟುತ್ತದೆ. ನಗರದ ಪ್ರಸಿದ್ಧ ಕರೇಜ್ ನೆಲದಡಿ ಕಾಲುವೆಗಳು ನಿಂತಿರುವುದೂ ಇದೇ ತತ್ವದ ಮೇಲೆ.

ಬೀದರ್‌ನಲ್ಲಿ ಅದಕ್ಕೂ ಮೊದಲೇ ಹಳೆಯ ಕೋಟೆಯೊಂದಿತ್ತು. ಅಹ್ಮದ್ ಶಾ ಅದನ್ನು ಒಳಗೊಂಡಂತೆ ಹೊಸ ಕೋಟೆ ಕಟ್ಟಿಸಿದ. 1432ರ ಸುಮಾರಿಗೆ ಮುಖ್ಯ ಕೆಲಸ ಮುಗಿಯಿತು ಎನ್ನಲಾಗುತ್ತದೆ. ಕಟ್ಟಡಗಳಲ್ಲಿ ಪರ್ಷಿಯಾದ ಛಾಪು ಎದ್ದು ಕಾಣುತ್ತದೆ. ಇರಾನ್, ಮಧ್ಯ ಏಷ್ಯಾಗಳಿಂದ ಬಂದ ಕುಶಲಕರ್ಮಿಗಳು, ವಿದ್ವಾಂಸರು, ಸೈನಿಕರಿಗೆ ಬಹಮನಿ ಆಸ್ಥಾನದಲ್ಲಿ ದೊಡ್ಡ ಮನ್ನಣೆ ಇತ್ತು.

ಒಂದಲ್ಲ, ಮೂರು ಸಾಲಿನ ಕಂದಕ

ಊರಿನ ಕಡೆಯಿಂದ ಕೋಟೆಗೆ ಹೋಗುವವರಿಗೆ ಮೊದಲು ಎದುರಾಗುವುದು ಕಂದಕ. ಸಾಮಾನ್ಯವಾಗಿ ಕಂದಕವೆಂದರೆ ಮಣ್ಣು ಅಗೆದು ಮಾಡಿದ್ದು. ಇಲ್ಲಿ ಬಂಡೆಯನ್ನೇ ಕಡಿದು ಒಂದರ ಪಕ್ಕ ಒಂದರಂತೆ ಮೂರು ಸಾಲು ಕಂದಕ ತೋಡಲಾಗಿದೆ. ನಡುನಡುವೆ ಬಿಟ್ಟ ಬಂಡೆಯೇ ಅಡ್ಡಗೋಡೆ. ಮಾನವ ನಿರ್ಮಿತ ಗೋಡೆ ಮತ್ತು ನೈಸರ್ಗಿಕ ಬಂಡೆ ಎಲ್ಲಿ ಕೂಡುತ್ತವೆ ಎಂದು ಹುಡುಕಬೇಕಾದಷ್ಟು ಎರಡೂ ಬೆರೆತುಹೋಗಿವೆ. ಭಾರತದ ಕೋಟೆಗಳಲ್ಲಿ ಇಂಥ ತ್ರಿವಳಿ ಕಂದಕ ಅಪರೂಪ. ಇಳಿಜಾರಿನ ರಕ್ಷಣೆ ಇಲ್ಲದ, ಸಮತಟ್ಟಾದ ದಿಕ್ಕಿನಲ್ಲಿ ಮಾತ್ರ ಈ ಮೂರು ಸಾಲು ಇರುವುದು ಗಮನಿಸಬೇಕಾದ ಅಂಶ. ಎಲ್ಲಿ ಅಗತ್ಯವೋ ಅಲ್ಲಿ ಮಾತ್ರ ಬಂಡೆ ಕಡಿದಿದ್ದಾರೆ.

ಕೋಟೆಗೋಡೆಯಲ್ಲಿ 37 ಬುರುಜು, ಏಳು ದ್ವಾರಗಳಿವೆ. ಶರ್ಜಾ ದರ್ವಾಜಾದ ಮುಖದ ಮೇಲೆ ಎರಡು ಹುಲಿಗಳ ಉಬ್ಬುಶಿಲ್ಪವಿದೆ. ಹೆಸರು ಬಂದದ್ದೂ ಅದರಿಂದಲೇ. ಅಲ್ಲಿನ ಶಾಸನದ ಕಾಲ 1503. ಅದನ್ನು ದಾಟಿದರೆ ದಪ್ಪ ಗೋಡೆ ಮತ್ತು ದೊಡ್ಡ ಗುಮ್ಮಟದ ಗುಂಬದ್ ದರ್ವಾಜಾ. ಅದರ ಪಕ್ಕದಲ್ಲೇ ರಂಗೀನ್ ಮಹಲ್ ಇದೆ. ಹೊರಗಿನಿಂದ ನೋಡಿದರೆ ಸಾದಾ ಕಟ್ಟಡ. ಒಳಗೇನಿದೆ ಎಂದು ಹೊರಗೋಡೆ ಒಂದಿಷ್ಟೂ ಸುಳಿವು ಕೊಡುವುದಿಲ್ಲ.

ರಷ್ಯಾದ ವ್ಯಾಪಾರಿ ಕಂಡ ಅರಮನೆ

ಬಹಮನಿ ಕಾಲದಲ್ಲಿ ಈ ಅರಮನೆಗಳು ಹೇಗಿದ್ದವು ಎಂಬುದಕ್ಕೆ ಹೊರಗಿನವನೊಬ್ಬನ ಸಾಕ್ಷ್ಯವಿದೆ. ರಷ್ಯಾದ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರ್‌ನಲ್ಲಿದ್ದ. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳಿದ್ದವು, ಬಾಗಿಲಲ್ಲಿ ಕಾವಲುಗಾರರ ಜೊತೆ ಲೆಕ್ಕಿಗರೂ ಕುಳಿತು ಒಳಹೋಗುವವರು, ಹೊರಬರುವವರ ಹೆಸರು ಬರೆದುಕೊಳ್ಳುತ್ತಿದ್ದರು ಎಂದು ಅವನು ದಾಖಲಿಸಿದ್ದಾನೆ. ಅರಮನೆಯಲ್ಲಿ ಕಲ್ಲೆಲ್ಲ ಕೆತ್ತನೆಮಯ, ಚಿನ್ನಮಯ ಎಂದೂ ಬೆರಗಾಗಿದ್ದಾನೆ. ನಿಕಿತಿನ್ ಬಂದಾಗ ಆಡಳಿತದ ಚುಕ್ಕಾಣಿ ಪ್ರಧಾನಿ ಮಹಮೂದ್ ಗವಾನನ ಕೈಯಲ್ಲಿತ್ತು. ಊರೊಳಗೆ ಇವತ್ತಿಗೂ ನಿಂತಿರುವ ಮದರಸಾವನ್ನು ಗವಾನ್ ಕಟ್ಟಿಸಿದ್ದು 1472ರಲ್ಲಿ.

ಆ ವೈಭವದ ಕೇಂದ್ರ ತಖ್ತ್ ಮಹಲ್, ಅಂದರೆ ಸಿಂಹಾಸನದ ಅರಮನೆ. ಅಹ್ಮದ್ ಶಾನ ಅರಮನೆಯನ್ನು ಹೊಗಳಿ ಪರ್ಷಿಯನ್ ಕವಿ ಅಜರಿ ಪದ್ಯ ಬರೆದು ಭಾರಿ ಬಹುಮಾನ ಪಡೆದ ಕಥೆಯನ್ನು ಇತಿಹಾಸಕಾರ ಫರಿಷ್ತಾ ಹೇಳುತ್ತಾನೆ. ಇಂದು ಅಲ್ಲಿ ಆಕಾಶವೇ ಚಾವಣಿ. ಎತ್ತರದ ಕಮಾನುಗಳು, ಮುರಿದ ಗೋಡೆಗಳು, ಅಲ್ಲಲ್ಲಿ ಅಂಟಿಕೊಂಡ ಹೊಳಪು ಹೆಂಚಿನ ತುಣುಕುಗಳು ಮಾತ್ರ ಉಳಿದಿವೆ. ಕಮಾನಿನ ಭುಜದ ಮೇಲೆ ಹುಲಿ ಮತ್ತು ಅದರ ಬೆನ್ನ ಹಿಂದೆ ಉದಯಿಸುವ ಸೂರ್ಯನ ಚಿತ್ರವಿತ್ತು. ಪರ್ಷಿಯಾದ ಈ ರಾಜಲಾಂಛನದ ಗುರುತನ್ನು ಸೂಕ್ಷ್ಮವಾಗಿ ನೋಡಿದರೆ ಈಗಲೂ ಕಾಣಬಹುದು.

ಸಾರ್ವಜನಿಕ ದರ್ಬಾರು ನಡೆಯುತ್ತಿದ್ದ ದಿವಾನ್-ಇ-ಆಮ್‌ನ ಸ್ಥಿತಿಯೂ ಬೇರೆಯಲ್ಲ. ಅಲ್ಲಿ ಉಳಿದಿರುವುದು ಕಂಬಗಳಲ್ಲ, ಕಂಬ ನಿಲ್ಲಿಸುತ್ತಿದ್ದ ಕಲ್ಲಿನ ಪೀಠಗಳು. ಏಕೆಂದರೆ ಕಂಬಗಳು ಮರದವು.

ಸಾಮ್ರಾಜ್ಯ ಸಣ್ಣದಾಯಿತು, ಕುಸುರಿ ಸೂಕ್ಷ್ಮವಾಯಿತು

1481ರಲ್ಲಿ ಸುಳ್ಳು ಆರೋಪದ ಮೇಲೆ ಮಹಮೂದ್ ಗವಾನನ ತಲೆ ಕಡಿಸಿದ ಮೇಲೆ ಬಹಮನಿ ಆಡಳಿತ ಮತ್ತೆ ಚೇತರಿಸಿಕೊಳ್ಳಲಿಲ್ಲ. ಪ್ರಾಂತ್ಯಗಳ ಸರದಾರರು ಒಬ್ಬೊಬ್ಬರಾಗಿ ಸ್ವತಂತ್ರರಾದರು. ವಿಜಯಪುರ, ಅಹ್ಮದ್‌ನಗರ, ಬೇರಾರ್, ಗೋಲ್ಕೊಂಡಗಳಲ್ಲಿ ಹೊಸ ಮನೆತನಗಳು ತಲೆ ಎತ್ತಿದವು. ಬೀದರ್‌ನಲ್ಲಿ ಸುಲ್ತಾನ ಹೆಸರಿಗಷ್ಟೇ ಇದ್ದ; ಅಧಿಕಾರ ನಡೆಸುತ್ತಿದ್ದವರು ಮಂತ್ರಿ ಕಾಸಿಂ ಬರೀದ್ ಮತ್ತು ಅವನ ಮಗ ಅಮೀರ್ ಬರೀದ್. ಕೊನೆಯ ಬಹಮನಿ ಸುಲ್ತಾನ ಕಲೀಮುಲ್ಲಾ ಬೀದರ್ ಬಿಟ್ಟು ಓಡಿಹೋದ.

ಅಮೀರನ ಮಗ ಅಲಿ ಬರೀದ್ ಈ ಮನೆತನದಲ್ಲಿ ಮೊದಲ ಬಾರಿಗೆ 'ಶಾ' ಎಂಬ ಬಿರುದು ಧರಿಸಿದವನು. 1580ರವರೆಗೆ ಆಳಿದ ಇವನೇ 1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರದ ವಿರುದ್ಧ ಕೂಡಿದ ಸುಲ್ತಾನರಲ್ಲಿ ಒಬ್ಬ. ಅಲಿ ಬರೀದನ ರಾಜ್ಯ ನೆರೆಹೊರೆಯವರಿಗಿಂತ ಚಿಕ್ಕದು. ತಖ್ತ್ ಮಹಲ್‌ನಂಥ ಬೃಹತ್ ಅರಮನೆ ಕಟ್ಟುವ ಶಕ್ತಿ ಅವನಿಗಿರಲಿಲ್ಲ. ಆದ್ದರಿಂದ ಅವನು ಕೋಟೆಬಾಗಿಲಿಗೆ ಅಂಟಿಕೊಂಡಂತಿದ್ದ ರಂಗೀನ್ ಮಹಲ್‌ನಲ್ಲಿ ಕೆಲವೇ ಕೋಣೆಗಳನ್ನು ಆರಿಸಿಕೊಂಡು, ಅವುಗಳ ಒಂದೊಂದು ಗೇಣನ್ನೂ ಸಿಂಗರಿಸಿದ.

ಒಳಗೆ ಏನಿದೆ?

ಮಹಲಿನ ಮುಂಭಾಗದ ಹಜಾರದಲ್ಲಿ ಮೊದಲು ಕಣ್ಣು ಸೆಳೆಯುವುದು ಮರದ ಕಂಬಗಳು. ಕಂಬದ ಬೋದಿಗೆ, ಚಾಚುಪೀಠ, ತೊಲೆಗಳಲ್ಲಿ ಬಳ್ಳಿ, ಹೂವು, ಗಂಟೆಯಾಕಾರದ ಕೆತ್ತನೆ. ಇದು ದಖ್ಖನ್ನಿನ ದೇವಾಲಯ ಮತ್ತು ವಾಡೆಗಳ ಮರಗೆಲಸ ಬಲ್ಲ ಸ್ಥಳೀಯ ಬಡಗಿಗಳ ಕೈ ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಗೋಡೆಯ ಕಮಾನು ಪರ್ಷಿಯಾದ್ದು, ಕಂಬ ಈ ನೆಲದ್ದು. ಎರಡೂ ಒಂದೇ ಸೂರಿನಡಿ ಇವೆ.

ಹಜಾರದಿಂದ ಒಳಕೋಣೆಗೆ ಹೋಗುವ ಬಾಗಿಲೇ ಈ ಮಹಲಿನ ಜೀವಾಳ. ಬಾಗಿಲಿನ ಸುತ್ತ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಹೊಳಪು ಹೆಂಚುಗಳ ಅಲಂಕಾರವಿದೆ. ಅದರ ಬಳಿಯಲ್ಲೇ ನುಣುಪಾದ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪಿನ ಕುಸುರಿ. ಬಳ್ಳಿ, ಹೂವು, ಜ್ಯಾಮಿತಿ ವಿನ್ಯಾಸಗಳ ಜೊತೆಗೆ ಪರ್ಷಿಯನ್ ದ್ವಿಪದಿಗಳನ್ನೂ ಚಿಪ್ಪಿನ ತುಣುಕುಗಳಲ್ಲೇ ಬರೆಯಲಾಗಿದೆ. ಕಪ್ಪು ಕಲ್ಲಿನ ಮೇಲೆ ಬಿಳಿ ಚಿಪ್ಪು ಬೆಳಕು ಬಿದ್ದ ಕಡೆಯೆಲ್ಲ ತಿಳಿಗುಲಾಬಿ, ತಿಳಿಹಸಿರಾಗಿ ಮಿನುಗುತ್ತದೆ. 'ರಂಗೀನ್' ಎಂದರೆ ಬಣ್ಣಬಣ್ಣದ್ದು. ಹೆಸರು ಬಂದದ್ದು ಈ ಅಲಂಕಾರದಿಂದ.

ಈ ಕೆಲಸ ಎಷ್ಟು ಕಷ್ಟ ಎಂಬುದು ವಿಧಾನ ತಿಳಿದರೆ ಅರ್ಥವಾಗುತ್ತದೆ. ಚಿಪ್ಪನ್ನು ತೆಳುವಾಗಿ ಸೀಳಿ, ಉಜ್ಜಿ, ವಿನ್ಯಾಸಕ್ಕೆ ತಕ್ಕ ಆಕಾರಕ್ಕೆ ಕತ್ತರಿಸಬೇಕು. ಅದೇ ಆಕಾರದ ಗುಳಿಯನ್ನು ಗಟ್ಟಿ ಕರಿಗಲ್ಲಿನಲ್ಲಿ ಕೊರೆಯಬೇಕು. ಗುಳಿ ಕೂದಲೆಳೆಯಷ್ಟು ದೊಡ್ಡದಾದರೂ ಚಿಪ್ಪು ಸಡಿಲ; ಚಿಕ್ಕದಾದರೆ ಕೂರಿಸುವಾಗ ಚಿಪ್ಪು ಸೀಳುತ್ತದೆ. ಮರಕ್ಕೆ ಚಿಪ್ಪು ಕೂರಿಸುವುದು ಹಲವೆಡೆ ಇದೆ. ಕಲ್ಲಿಗೆ, ಅದರಲ್ಲೂ ಇಷ್ಟು ಗಡುಸಾದ ಕಲ್ಲಿಗೆ ಕೂರಿಸುವುದು ವಿರಳ. ಮೇಲಾಗಿ ಬೀದರ್‌ನಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಚಿಪ್ಪು ಬಂದಿರಬೇಕಾದದ್ದು ವ್ಯಾಪಾರದ ದಾರಿಯಲ್ಲಿ.

ಉಳಿದ ಅರಮನೆಗಳು ಬರಿದಾಗಿದ್ದೇಕೆ?

ಕೋಟೆಯೊಳಗೆ ರಂಗೀನ್ ಮಹಲ್ ಅಲ್ಲದೆ ತರ್ಕಶ್ ಮಹಲ್, ಗಗನ್ ಮಹಲ್, ರಾಜಮನೆತನದ ಅಡುಗೆಮನೆ, ಸ್ನಾನಗೃಹ, ಲಾಲ್ ಬಾಗ್ ಉದ್ಯಾನ, ನೆಲದಡಿ ಕೋಣೆಗಳ ಹಜಾರ್ ಕೋಠ್ರಿ ಇವೆ. ಉದ್ಯಾನದ ಪಕ್ಕದಲ್ಲಿ ಸುಮಾರು 90 ಮೀಟರ್ ಉದ್ದದ ಸೋಲಾ ಖಂಬಾ ಮಸೀದಿ ಇದೆ. 1423-24ರ ಈ ಮಸೀದಿ ಬೀದರ್‌ನ ಅತ್ಯಂತ ಹಳೆಯ ಮುಸ್ಲಿಂ ಕಟ್ಟಡಗಳಲ್ಲಿ ಒಂದು. ಕಲ್ಲುಗಾರೆಯ ಭಾಗಗಳು ಇಲ್ಲೆಲ್ಲ ಉಳಿದಿವೆ. ಆದರೆ ಒಳಾಂಗಣದ ಸಿಂಗಾರ ಹೋಗಿದೆ.

ಇದಕ್ಕೆ ಮೊದಲ ಕಾರಣ ಸಾಮಗ್ರಿಯೇ. ಮರದ ಚಾವಣಿಗೆ ವರ್ಷವರ್ಷ ಆರೈಕೆ ಬೇಕು. ಅರಸ ಇರುವವರೆಗೆ ಅದು ನಡೆಯುತ್ತದೆ. ಚಾವಣಿ ಸೋರಿದರೆ ತೊಲೆ ಕೊಳೆಯುತ್ತದೆ, ತೊಲೆ ಬಿದ್ದರೆ ಮಳೆನೀರು ಗೋಡೆಯೊಳಗೆ ಇಳಿಯುತ್ತದೆ, ಗಾರೆ ಸಡಿಲವಾದರೆ ಅದಕ್ಕೆ ಅಂಟಿದ ಹೆಂಚು ಉದುರುತ್ತದೆ. ಬೀದರ್‌ನಲ್ಲಿ ಅರಸರ ವಾಸ ನಿಂತದ್ದು 1619ರಲ್ಲಿ. ಆ ವರ್ಷ ವಿಜಯಪುರದ ಇಮ್ಮಡಿ ಇಬ್ರಾಹಿಂ ಆದಿಲ್ ಶಾ ಬರೀದ್ ಶಾಹಿ ರಾಜ್ಯವನ್ನು ವಶಪಡಿಸಿಕೊಂಡ. ಬೀದರ್ ರಾಜಧಾನಿಯ ಸ್ಥಾನ ಕಳೆದುಕೊಂಡು ಗಡಿಯ ಕೋಟೆಯಾಯಿತು.

ಎರಡನೆಯ ಕಾರಣ ಯುದ್ಧ. 1657ರಲ್ಲಿ ಮೊಘಲ್ ರಾಜಕುಮಾರ ಔರಂಗಜೇಬ್ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆಯ ಅಧಿಪತಿ ಸಿದ್ದಿ ಮರ್ಜಾನ್ 27 ದಿನ ಹೋರಾಡಿದ. ಕೊನೆಗೆ ಬುರುಜಿನ ಬಳಿ ಸಂಗ್ರಹಿಸಿದ್ದ ಸಿಡಿಮದ್ದಿಗೆ ಬೆಂಕಿ ತಗುಲಿ ಸ್ಫೋಟವಾಯಿತು. ಮರ್ಜಾನ್ ತೀವ್ರವಾಗಿ ಸುಟ್ಟು ಸತ್ತ. ಸೋಲಾ ಖಂಬಾ ಮಸೀದಿಯಲ್ಲಿ ಷಹಜಹಾನನ ಹೆಸರಿನಲ್ಲಿ ಪ್ರಾರ್ಥನೆ ನಡೆಯಿತು. ಮೂರು ಸಾಲಿನ ಕಂದಕ ಹೊರಗಿನ ಶತ್ರುವನ್ನು ತಡೆದಿತ್ತು. ಒಳಗಿನ ಮದ್ದಿನಿಂದ ಕೋಟೆ ಬಿತ್ತು. ಮೊಘಲರ ಬಳಿಕ ಬೀದರ್ ಹೈದರಾಬಾದಿನ ನಿಜಾಮರ ಕೈಗೆ ಬಂದು 1948ರವರೆಗೆ ಅವರ ಆಳ್ವಿಕೆಯಲ್ಲಿತ್ತು.

ಹೈದರಾಬಾದಿನಿಂದ ಬಂದ ಪುರಾತತ್ವಜ್ಞ

ಇಂದು ಪ್ರವಾಸಿಗರು ಕೋಟೆಯೊಳಗೆ ಇದು ತಖ್ತ್ ಮಹಲ್, ಇದು ದಿವಾನ್-ಇ-ಆಮ್ ಎಂದು ಗುರುತಿಸಿ ನೋಡಲು ಸಾಧ್ಯವಾಗಿರುವುದರಲ್ಲಿ ಒಬ್ಬ ವ್ಯಕ್ತಿಯ ಪಾಲು ದೊಡ್ಡದು. ಅವರು ಗುಲಾಂ ಯಜ್ದಾನಿ. 1914ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಪುರಾತತ್ವ ಇಲಾಖೆ ಆರಂಭವಾದಾಗ ಅದರ ಹೊಣೆ ಹೊತ್ತವರು. ಅಜಂತಾ ಚಿತ್ರಗಳ ಮೇಲಿನ ಅವರ ಗ್ರಂಥ ಸಂಪುಟಗಳು ಜಗತ್ಪ್ರಸಿದ್ಧ. ಅವರ ಕಾಲದಲ್ಲೇ ಬೀದರ್ ಕೋಟೆಯೊಳಗೆ ರಾಶಿಬಿದ್ದಿದ್ದ ಅವಶೇಷಗಳನ್ನು ತೆರವುಗೊಳಿಸಿ, ಅರಮನೆಗಳ ನೆಲಗಟ್ಟು, ಕಾರಂಜಿ, ನೀರಿನ ಕಾಲುವೆ, ಹೆಂಚಿನ ಫಲಕಗಳನ್ನು ಬೆಳಕಿಗೆ ತರಲಾಯಿತು. ಯಜ್ದಾನಿ ಕಟ್ಟಡದಿಂದ ಕಟ್ಟಡಕ್ಕೆ ಅಳತೆ, ನಕ್ಷೆ, ಶಾಸನ ಪಾಠಗಳೊಂದಿಗೆ ಬರೆದ ಬೀದರ್ ಕುರಿತ ಗ್ರಂಥ 1947ರಲ್ಲಿ ಪ್ರಕಟವಾಯಿತು. ಕೋಟೆಯ ಬಗ್ಗೆ ಇಂದಿಗೂ ಸಂಶೋಧಕರು ಮೊದಲು ಕೈಗೆತ್ತಿಕೊಳ್ಳುವ ಪುಸ್ತಕ ಅದೇ.

1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಕೋಟೆ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಹಳೆಯ ರಾಜಸ್ನಾನಗೃಹದಲ್ಲಿ ವಸ್ತುಸಂಗ್ರಹಾಲಯವಿದೆ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ದಖ್ಖನ್ ಸುಲ್ತಾನರ ಸ್ಮಾರಕಗಳಲ್ಲಿ ಕಲಬುರಗಿ, ವಿಜಯಪುರ, ಹೈದರಾಬಾದ್ ಜೊತೆ ಬೀದರ್ ಕೂಡ ಇದೆ.

ಬೀಗ ಹಾಕಬೇಕೇ, ತೆರೆಯಬೇಕೇ?

ರಂಗೀನ್ ಮಹಲ್‌ನ ಒಳಭಾಗಕ್ಕೆ ಹೆಚ್ಚಿನ ಸಮಯ ಬೀಗ. ಸಿಬ್ಬಂದಿಯನ್ನು ಕೇಳಿಕೊಂಡು ನೋಡಿ ಬಂದವರಿದ್ದಾರೆ. ಬಾಗಿಲ ಮುಂದಿನಿಂದಲೇ ಹಿಂದಿರುಗಿದವರೂ ಇದ್ದಾರೆ. ಅನೇಕರಿಗೆ ಒಳಗೆ ಇಂಥದೊಂದು ಕೋಣೆ ಇದೆ ಎಂಬುದೇ ತಿಳಿದಿರುವುದಿಲ್ಲ. ಬೀಗಕ್ಕೆ ಕಾರಣವಿಲ್ಲದಿಲ್ಲ. ಚಿಪ್ಪಿನ ತುಣುಕನ್ನು ಉಗುರಿನಿಂದ ಕೆರೆದು ತೆಗೆಯಲು ಒಂದು ನಿಮಿಷ ಸಾಕು. ಗೋಡೆಯ ಮೇಲೆ ಹೆಸರು ಗೀಚುವ ಚಟ ನಮ್ಮ ಸ್ಮಾರಕಗಳಿಗೆ ಹೊಸದಲ್ಲ.

ಇಂಥದೇ ಸಮಸ್ಯೆಯನ್ನು ಯುರೋಪಿನ ಕೋಟೆಯೊಂದು ಬೇರೆ ರೀತಿಯಲ್ಲಿ ನಿಭಾಯಿಸಿದೆ. ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್ ಬಳಿಯ ಕಾರ್ಲ್‌ಷ್ಟೈನ್ ಕೋಟೆಗೆ ಅಡಿಗಲ್ಲು ಬಿದ್ದದ್ದು 1348ರಲ್ಲಿ, ಬಹಮನಿ ಸಾಮ್ರಾಜ್ಯ ಹುಟ್ಟಿದ ಮರುವರ್ಷ. ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಅದನ್ನು ಕಟ್ಟಿಸಿದ್ದು ಕಿರೀಟ, ರಾಜಲಾಂಛನ ಮತ್ತು ಪವಿತ್ರ ಅವಶೇಷಗಳನ್ನು ಕಾಪಾಡಲು. ಅದರ ಮಹಾಗೋಪುರದಲ್ಲಿರುವ ಹೋಲಿ ಕ್ರಾಸ್ ಪ್ರಾರ್ಥನಾ ಕೋಣೆಯ ಗೋಡೆಗೆ ಬಣ್ಣದ ಕಲ್ಲುಗಳನ್ನು ಉಜ್ಜಿ ಕೂರಿಸಲಾಗಿದೆ. ಮೇಲೆ ಚಿತ್ರಕಾರ ಥಿಯೊಡೊರಿಕ್ ಮತ್ತು ಅವನ ತಂಡ ಬರೆದ 129 ಚಿತ್ರಫಲಕಗಳಿವೆ. ಆ ಕೋಣೆಯನ್ನು ಮುಚ್ಚಿಡುವುದೂ ಇಲ್ಲ, ಎಲ್ಲರಿಗೂ ಒಟ್ಟಿಗೆ ತೆರೆಯುವುದೂ ಇಲ್ಲ. ಮೊದಲೇ ಹೆಸರು ಕಾಯ್ದಿರಿಸಿದ ಸಣ್ಣ ಗುಂಪುಗಳನ್ನು ಮಾರ್ಗದರ್ಶಕರ ಜೊತೆ ನಿಗದಿತ ಅವಧಿಗೆ ಬಿಡಲಾಗುತ್ತದೆ. ಜನರ ಉಸಿರಿನ ತೇವ ಕೂಡ ಹಳೆಯ ಬಣ್ಣಕ್ಕೆ ಕೇಡು ಎಂಬುದೇ ಇದಕ್ಕೆ ಕಾರಣ. ಆದರೂ ಬರುವವರಿಗೆ ಒಳಗೇನಿದೆ, ಎಂದು ನೋಡಬಹುದು ಎಂಬುದು ಮೊದಲೇ ಗೊತ್ತಿರುತ್ತದೆ. ಬೀದರ್‌ನ ಕೋಣೆಗೂ ಇಂಥ ವ್ಯವಸ್ಥೆ ಅಸಾಧ್ಯವೇನಲ್ಲ.

ಕೋಟೆಯ ಮಣ್ಣಿನಲ್ಲಿ ಬದುಕಿರುವ ಕಪ್ಪು-ಬಿಳಿ

ರಂಗೀನ್ ಮಹಲ್‌ನ ಕುಸುರಿ ನೋಡಿದವರಿಗೆ ತಕ್ಷಣ ನೆನಪಾಗುವುದು ಬಿದ್ರಿ. ಒಂದು ಕಡೆ ಕರಿಗಲ್ಲಿನಲ್ಲಿ ಚಿಪ್ಪು, ಇನ್ನೊಂದು ಕಡೆ ಕಪ್ಪು ಲೋಹದಲ್ಲಿ ಬೆಳ್ಳಿ. ಕಸುಬು ಬೇರೆ, ಅಭಿರುಚಿ ಒಂದೇ. ಬಿದ್ರಿಯ ಮೂಲಲೋಹ ಸತು. ಅದಕ್ಕೆ ಸ್ವಲ್ಪ ತಾಮ್ರ ಬೆರೆಸುತ್ತಾರೆ. ಅಚ್ಚು ಹೊಯ್ದ ಹೂಜಿ, ತಟ್ಟೆ, ಡಬ್ಬಿಗಳ ಮೇಲೆ ಉಳಿಯಿಂದ ವಿನ್ಯಾಸ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಉಜ್ಜಿ ನುಣುಪು ಮಾಡಿದಾಗ ಲೋಹ, ಬೆಳ್ಳಿ ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ. ಕೊನೆಯ ಹಂತದಲ್ಲಿ ವಸ್ತುವನ್ನು ಬಿಸಿಮಾಡಿ, ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಉಜ್ಜುತ್ತಾರೆ. ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ.

ಆ ಮಣ್ಣು ಬರುವುದು ಬೀದರ್ ಕೋಟೆಯಿಂದ. ಶತಮಾನಗಳ ಕಾಲ ಬಿಸಿಲು, ಮಳೆ ತಾಗದ ಹಳೆಯ ಕಟ್ಟಡಗಳೊಳಗಿನ ಮಣ್ಣೇ ಈ ಕೆಲಸಕ್ಕೆ ಆಗಬೇಕು ಎನ್ನುತ್ತಾರೆ ಕುಶಲಕರ್ಮಿಗಳು. ಮಣ್ಣು ಸರಿಯಾದದ್ದೇ ಎಂದು ನಾಲಿಗೆಯ ಮೇಲೆ ಇಟ್ಟು ರುಚಿ ನೋಡಿ ಹೇಳುವ ರೂಢಿ ಇಂದಿಗೂ ಇದೆ. ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. 2023ರಲ್ಲಿ ಬೀದರ್‌ನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ತಖ್ತ್ ಮಹಲ್‌ನ ಚಾವಣಿ ಮರಳಿ ಬರುವುದಿಲ್ಲ. ಆದರೆ ಅದೇ ಕೋಟೆಯ ಒಳಮಣ್ಣಿನಿಂದ ಇವತ್ತು ಬೆಳಗ್ಗೆಯೂ ಬೀದರ್‌ನ ಯಾವುದೋ ಗಲ್ಲಿಯಲ್ಲಿ ಒಂದು ಹೂಜಿ ಕಪ್ಪಾಗಿರುತ್ತದೆ.

ಹೋಗುವುದು ಹೇಗೆ?

ಬೀದರ್ ಹೈದರಾಬಾದಿನಿಂದ ಸುಮಾರು 140 ಕಿ.ಮೀ., ಬೆಂಗಳೂರಿನಿಂದ ಸುಮಾರು 700 ಕಿ.ಮೀ. ದೂರದಲ್ಲಿದೆ. ಎರಡೂ ಕಡೆಯಿಂದ ರೈಲು, ಬಸ್ ಸೌಲಭ್ಯವಿದೆ. ಕೋಟೆ ವಿಶಾಲವಾಗಿರುವುದರಿಂದ ಕನಿಷ್ಠ ಅರ್ಧ ದಿನ ಮೀಸಲಿಡುವುದು ಒಳ್ಳೆಯದು; ಬೇಸಿಗೆಯಲ್ಲಾದರೆ ಬೆಳಗಿನ ಹೊತ್ತೇ ಸೂಕ್ತ. ಒಳಹೋದ ಕೂಡಲೇ ವಸ್ತುಸಂಗ್ರಹಾಲಯದ ಸಿಬ್ಬಂದಿಯಲ್ಲಿ ರಂಗೀನ್ ಮಹಲ್ ನೋಡಲು ಅವಕಾಶವಿದೆಯೇ ಎಂದು ವಿಚಾರಿಸಿ. ಬಾಗಿಲು ತೆರೆದರೆ ಕಣ್ಣಿನಿಂದಷ್ಟೇ ನೋಡಿ, ಗೋಡೆ ಮುಟ್ಟಬೇಡಿ. ಬೆರಳಿನ ಜಿಡ್ಡು, ಬೆವರು ಅಂಟಿದ ಜಾಗದಲ್ಲಿ ಹೊಳಪು ಮೊದಲು ಮಾಯವಾಗುತ್ತದೆ. ನಾಲ್ಕೂವರೆ ಶತಮಾನ ಉಳಿದು ಬಂದ ಚಿಪ್ಪಿಗೆ ಮುಂದಿನವರ ಕಣ್ಣಿಗೂ ಮಿನುಗುವ ಅವಕಾಶ ಇರಲಿ.